ದೋಸೆಗೊಂದು ಕಲಂ

ನಮ್ಮ ಮನೆಯಲ್ಲೀಗ ನನ್ನವಳೇ ಹಣಕಾಸು ಮಂತ್ರಿ. ನಾನು ಖಾತೆಯಿಲ್ಲದ ಸಚಿವ. ಕ್ರೆಡಿಟ್ ಕಾರ್ಡ್ ಬಾಕಿಗೆ ತಿಂಗಳಿಗೆ ಶೇ. 3.5 ಬಡ್ಡಿಯೆಂದರೆ ವರ್ಷಕ್ಕೆ ಶೇ. 42 ಎಂದು ಅವಳು ಲೆಕ್ಕ ಹಾಕಿದ ದಿನವೇ ಕಾರ್ಡು ಅಕ್ಕಿ ಡಬ್ಬದ ತಳ ಸೇರಿತು. ‘ಕನಿಷ್ಠ ಪಾವತಿ’ ಕಟ್ಟಿ ಮೀಸೆ ತಿರುವುವವರನ್ನು ಕಂಡರೆ ಅವಳಿಗೆ ಕನಿಕರ. ಅದರಲ್ಲಿ ಬಹುಪಾಲು ಬಡ್ಡಿಗೇ ಹೋಗುತ್ತದಲ್ಲ!

‘ಬಳೆ ಅಡವಿಟ್ಟು ಕಾರ್ಡಿನ ಸಾಲ ತೀರಿಸೋಣ, ಚಿನ್ನದ ಸಾಲಕ್ಕೆ ಬಡ್ಡಿ ಕಡಿಮೆ’ ಎಂದೆ.

‘ಬಳೆ ನಿಮ್ಮದಾ?’ ಎಂದಳು. ಅಲ್ಲಿಗೆ ಕಲಾಪ ಮುಂದೂಡಿಕೆ.

ಮನೆ ಖರ್ಚಿನ ಡೈರಿಯಲ್ಲಿ ಹಾಲು, ತರಕಾರಿ, ಗ್ಯಾಸ್, ಎಲ್ಲಕ್ಕೂ ಒಂದೊಂದು ಕಲಂ. ನನ್ನ ಬೈಟು ಕಾಫಿ, ಮಸಾಲೆ ದೋಸೆ ‘ಇತರೆ’ಯಲ್ಲಿ ಹಾಯಾಗಿ ಅಡಗಿದ್ದವು. ಮೊನ್ನೆ ಅದನ್ನೂ ಹೊಡೆದುಹಾಕಿದಳು. ಈಗ ದೋಸೆಯನ್ನು ‘ಸ್ಕೂಟರ್ ರಿಪೇರಿ’ಯಲ್ಲಿ ಬರೆಯುತ್ತಿದ್ದೇನೆ. ಬಿಲ್ಲಿಗೆ ಚಟ್ನಿ ಹೇಗೆ ಮೆತ್ತಿತೆಂದು ಅವಳಿನ್ನೂ ಕೇಳಿಲ್ಲ.