ಪಿಕಪ್ಪಿನ ಕ್ರಾಸು ಬಾಯಿಬಿಟ್ಟಾಗ

ತಿಪಟೂರಿನ ಒಂದು ಗ್ಯಾರೇಜು. ದಿಮ್ಮಿ ಕೊಟ್ಟು ಎತ್ತಿ ನಿಲ್ಲಿಸಿದ ನನ್ನ 14 ವರ್ಷದ ಪಿಕಪ್ಪು. ಅದರ ಅಡಿಯಲ್ಲಿ ಅಂಗಾತ ಮಲಗಿ ನಡೆಸಿದ ಸಂದರ್ಶನವಿದು. ಮಾತಾಡಿದ್ದು ಪ್ರೊಪೆಲ್ಲರ್ ಶಾಫ್ಟಿನ ಹಿಂದಿನ ತುದಿಯ ಕ್ರಾಸು: ಅಂಗೈಯಲ್ಲಿ ಹಿಡಿಯುವಷ್ಟೇ ಇರುವ, ಕೂಡಿಸುವ ಚಿಹ್ನೆಯಂಥ ಉಕ್ಕಿನ ತುಂಡು. ಮೇಸ್ತ್ರಿ ಟೀಗೆ ಹೋಗಿದ್ದರು.

ನಾನು: ಎಷ್ಟು ದಿನದಿಂದ ಶಬ್ದ ಮಾಡ್ತಿದ್ದೀರಿ?

ಕ್ರಾಸು: ಎಂಟು ತಿಂಗಳಾಯ್ತು ಯಜಮಾನ್ರೇ. ಮೊದಲು ಗುಬ್ಬಚ್ಚಿ ಥರ ಚಿಂವ್ ಚಿಂವ್ ಅಂದೆ. ತೋಟದಲ್ಲಿ ಹಕ್ಕಿ ಜಾಸ್ತಿಯಾಗಿವೆ ಅಂದ್ರಿ. ಆಮೇಲೆ ರಿವರ್ಸ್ ಹಾಕಿದಾಗಲೆಲ್ಲ ಟಣ್ ಅಂದೆ. ಹಿಂದೆ ಜಾಕ್ ರಾಡು ಉರುಳಿರಬೇಕು ಅಂದ್ರಿ. ಕೊನೆಗೆ ಅರವತ್ತು ದಾಟಿದರೆ ಇಡೀ ಗಾಡಿ ನಡುಗೋ ಹಾಗೆ ಮಾಡಿದೆ. ಆಗೇನು ಮಾಡಿದ್ರಿ, ಜ್ಞಾಪಕ ಇದ್ಯಾ?

ನಾನು: ಹಾಡಿನ ಸೌಂಡ್ ಜಾಸ್ತಿ ಮಾಡಿದೆ.

ಕ್ರಾಸು: ಅಷ್ಟಕ್ಕೇ ಬಿಟ್ರಾ? ಹೊಸ ಸ್ಪೀಕರ್ ಬೇರೆ ಹಾಕ್ಸಿದ್ರಿ.

ನಾನು: ಅಸಲು ಕಾಯಿಲೆ ಏನು?

ಕ್ರಾಸು: ಮೇಸ್ತ್ರಿ ಸರ್ಕ್ಲಿಪ್ ಕಿತ್ತು, ಸುತ್ತಿಗೇಲಿ ಕುಟ್ಟಿ ನನ್ನ ಟೋಪಿ ಕಳಚಿದಾಗ ಕೆಂಪು ಪುಡಿ ಸುರೀತಲ್ಲ, ಕುಂಕುಮ ಅಂದ್ಕೊಂಡ್ರಾ? ತುಕ್ಕು. ನನ್ನ ನಾಲ್ಕು ಕೈಗೂ ಒಂದೊಂದು ಟೋಪಿ, ಒಳಗೆ ಸಾಲಾಗಿ ಸೂಜಿಯಂಥ ಬೇರಿಂಗುಗಳು. ಅವು ಗಿರಗಿರ ಸುತ್ತೋದಿಲ್ಲ, ನಿಂತಲ್ಲೇ ಒಂಚೂರು ಹೊರಳಾಡ್ತವೆ. ಗ್ರೀಸ್ ಒಣಗಿದ್ರೆ ನಿಂತಲ್ಲೇ ಗುಂಡಿ ತೋಡ್ತವೆ. ಉಗುರಲ್ಲಿ ಸವರಿ ನೋಡಿ.

ಸವರಿದೆ. ಶ್ಯಾವಿಗೆ ಎಳೆ ಒತ್ತಿಟ್ಟ ಹಾಗೆ ಒತ್ತೊತ್ತಾಗಿ ಗೆರೆಗಳು.

ನಾನು: ಪ್ರತಿವರ್ಷ ಆಯುಧಪೂಜೆ ಮಾಡಿದ್ದೀನಲ್ಲ!

ಕ್ರಾಸು: ಯಾರು ಇಲ್ಲ ಅಂದ್ರು? ಬಾನೆಟ್ಟಿಗೆ ಬಾಳೆಕಂದು, ಸ್ಟಿಯರಿಂಗಿಗೆ ಗಂಧ, ನಾಲ್ಕು ಟೈರಿಗೂ ನಿಂಬೆಹಣ್ಣು. ಬೂದುಗುಂಬಳ ಒಡೆದ ಸದ್ದು ನಂಗೂ ಕೇಳಿಸ್ತು. ಆದ್ರೆ ಯಾರೂ ಬಗ್ಗಲಿಲ್ಲ. ನನ್ನ ಮೈಮೇಲೆ ಒಂದು ನಿಪ್ಪಲ್ ಇದೆ, ಶೋಕಿಗಲ್ಲ. ಅದಕ್ಕೆ ಗ್ರೀಸ್ ಗನ್ ಕಚ್ಚಿಸಿ, ನಾಲ್ಕೂ ಟೋಪಿಯ ಅಂಚಿಂದ ಹಳೇದು ಹೊರಗೆ ಬರೋವರೆಗೂ ಒತ್ತಬೇಕು. ಮಂಗಳಾರತಿಗಿಂತ ಬೇಗ ಮುಗಿಯೋ ಕೆಲಸ.

ನಾನು: ತಮ್ಮ ವಂಶ ದೊಡ್ಡದಂತೆ?

ಕ್ರಾಸು: 16ನೇ ಶತಮಾನದ ಇಟಲಿಯ ಕಾರ್ಡಾನೊ ಹೆಸರಲ್ಲೂ ಕರೀತಾರೆ, 17ನೇ ಶತಮಾನದ ಇಂಗ್ಲೆಂಡಿನ ರಾಬರ್ಟ್ ಹುಕ್ ಹೆಸರಲ್ಲೂ ಕರೀತಾರೆ. ಅದೇ ಹುಕ್, ಸ್ಪ್ರಿಂಗ್ ಎಷ್ಟು ಭಾರಕ್ಕೆ ಎಷ್ಟು ಬಗ್ಗುತ್ತೆ ಅಂತ ನಿಯಮ ಬರೆದವನು. ನಿಮ್ಮ ಗಾಡಿಯ ಕಮಾನು ಪಟ್ಟಿ ಅವನ ನಿಯಮಕ್ಕೆ ಬಗ್ಗುತ್ತೆ. ಆರ್‌ಸಿಯಲ್ಲಿ ಬರೆದದ್ದರ ಎರಡರಷ್ಟು ಕಾಯಿ ಹೇರೋ ನೀವು ಯಾವ ನಿಯಮಕ್ಕೂ ಬಗ್ಗಲ್ಲ.

ನಾನು: ಅದು ಬಿಡಿ. ಮೇಸ್ತ್ರಿ ಬಿಚ್ಚೋಕೆ ಮುಂಚೆ ಚಾಕ್‌ಪೀಸಲ್ಲಿ ಗೆರೆ ಎಳೆದ್ರಲ್ಲ, ದೃಷ್ಟಿಗಾ?

ಕ್ರಾಸು: ಅಯ್ಯೋ! ಶಾಫ್ಟು ಓರೆಯಾಗಿ ನಿಂತಾಗ ನಾನೊಬ್ಬನೇ ಸಮವಾಗಿ ತಿರುಗಿಸಲಾರೆ. ಪ್ರತಿ ಸುತ್ತಿನಲ್ಲೂ ಎರಡು ಸಲ ಮುಂದೋಡ್ತೀನಿ, ಎರಡು ಸಲ ಹಿಂದೆ ಬೀಳ್ತೀನಿ. ಆ ತಪ್ಪನ್ನ ಶಾಫ್ಟಿನ ಆ ತುದಿಯಲ್ಲಿರೋ ನನ್ನ ಜೋಡಿ ಸರಿದೂಗಿಸ್ತಾನೆ. ಗೆರೆಗೆ ಗೆರೆ ಸೇರಿಸದೆ ಹಲ್ಲು ತಪ್ಪಿಸಿ ಕೂರಿಸಿದ್ರೆ, ಹೊಸ ಕ್ರಾಸು ಹಾಕಿದ್ರೂ ನಡುಕ ನಿಲ್ಲಲ್ಲ. ಆಗ ಬೈಗುಳ ನಮಗೆ.

ನಾನು: ಗಾಡಿ ಮಾರಿಬಿಡೋಣ ಅಂತಿದ್ದೀನಿ. ಹಿಂದಿನ ಆಕ್ಸಲ್ ಹೌಸಿಂಗಿಗೆ ಮರದ ಹೊಟ್ಟು ತುಂಬಿದ್ರೆ ಒಳಗಿನ ಕ್ರೌನ್ ಪಿನಿಯನ್ ಗೇರು ಕೂಗೋದು ಅಡಗುತ್ತಂತೆ?

ಕ್ರಾಸು: ಅಡಗುತ್ತೆ, ಕೊಂಡವನು ನಾಲ್ಕು ದಿನ ಓಡಿಸೋವರೆಗೆ. ಅಂದ ಹಾಗೆ, ನೀವು ಇದನ್ನ ಸೆಕೆಂಡ್ ಹ್ಯಾಂಡ್ ತಗೊಂಡಾಗ ಎಷ್ಟು ಮೆತ್ತಗೆ ಓಡ್ತಿತ್ತು, ಅಲ್ವಾ?

ಉತ್ತರ ಕೊಡುವಷ್ಟರಲ್ಲಿ ಮೇಸ್ತ್ರಿ ಬಂದರು. ಹಳೆಯ ಕ್ರಾಸನ್ನು ಗುಜರಿ ಡಬ್ಬಕ್ಕೆ ಎಸೆದರು, ಹೊಸದನ್ನು ಕೂರಿಸಿ ಗೆರೆ ಸೇರಿಸಿದರು. ಬಿಲ್ ನೋಡಿ, ಸ್ವಲ್ಪ ಕಡಿಮೆ ಮಾಡ್ಕೊಳ್ಳಿ ಮೇಸ್ತ್ರಿ ಅಂದೆ.

"ಕಡಿಮೆ ಅಂದ್ರೆ ಗ್ರೀಸ್ ಹೊಡಿಯೋದು ಬಿಡಬೇಕಷ್ಟೆ ಸಾರ್, ಬಿಡ್ಲಾ?" ಅಂದರು.

ಡಬ್ಬದ ಕಡೆ ನೋಡಿದೆ. ಪೂರ್ತಿ ದುಡ್ಡು ಕೊಟ್ಟೆ.