ಘೋಷಣಾಮೀಮಾಂಸೆ: ಸಾತನೂರು ಸೀಮೆಯ ಹುಳುಮನೆಗಳನ್ನು ಆಧರಿಸಿದ ಶಾಸ್ತ್ರಗ್ರಂಥದ ಪ್ರಥಮ ಸಂಪುಟ

ಪೀಠಿಕೆ

ಸಾಂಕ್ರಾಮಿಕ ರೋಗಗಳನ್ನು ಕುರಿತ ಗ್ರಂಥಗಳಿಗೆ ಲೋಕದಲ್ಲಿ ಕೊರತೆಯಿಲ್ಲ. ಆದರೆ ರೋಗಕ್ಕಿಂತ ಮೊದಲೇ ಊರಿಗೆ ಬಂದು, ರೋಗ ಹೋದ ಮೇಲೂ ಗೋಡೆಯನ್ನು ಬಿಟ್ಟು ಕದಲದಿರುವ ಎಚ್ಚರಿಕೆಯ ಪ್ರಕಟಣೆಯನ್ನೇ ಒಂದು ಸ್ವತಂತ್ರ ಪದಾರ್ಥವೆಂದು ಗಣಿಸಿ, ಅದರ ಉತ್ಪತ್ತಿ ಸ್ಥಿತಿ ಲಯಗಳನ್ನು ವಿಚಾರಿಸಿದವರು ವಿರಳ. ಈ ನ್ಯೂನತೆಯನ್ನು ನೀಗುವ ಸಲುವಾಗಿ, ಕನಕಪುರದಿಂದ ಮಳವಳ್ಳಿಗೆ ಹೋಗುವ ಹೆದ್ದಾರಿಯನ್ನು ಚನ್ನಪಟ್ಟಣದ ರಸ್ತೆ ಬಂದು ಕೂಡುವ ಸಾತನೂರಿನಲ್ಲಿ ಬಾಡಿಗೆಯ ಕೋಣೆಯೊಂದನ್ನು ಹಿಡಿದು, ಟೀ ಅಂಗಡಿಯ ಬೆಂಚನ್ನೇ ಪರಿಶೋಧನಾಲಯವನ್ನಾಗಿ ಮಾಡಿಕೊಂಡು, ಗ್ರಂಥಕರ್ತನು ಈ ಶಾಸ್ತ್ರವನ್ನು ಆರಂಭಿಸಿದನು.

ಲಕ್ಷಣ

ಯಾವುದನ್ನು ಎಲ್ಲರೂ ಕೇಳುವರೋ, ಎಲ್ಲರೂ ಒಪ್ಪುವರೋ, ಮತ್ತು ಎಲ್ಲರೂ ಅದು ಪಕ್ಕದ ಮನೆಯವನನ್ನು ಕುರಿತು ಹೇಳಿದ್ದೆಂದು ತಿಳಿಯುವರೋ, ಅದಕ್ಕೆ ಜನಜಾಗೃತಿಯೆಂದು ಹೆಸರು.

ಇತಿಹಾಸ

ಇದರಲ್ಲಿ ಮೂರು ಯುಗಗಳುಂಟು. ಮೊದಲನೆಯದು ಚಿತ್ರಯುಗ. ಸುಮಾರು 1805ರಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರನು ಬರೆದ ಮೈಸೂರು ಅರಮನೆಯ ಸ್ತ್ರೀಯರ ಪಟವೊಂದರಲ್ಲಿ ಕಿರಿಯ ರಾಣಿಯು ಸೆರಗನ್ನು ಸರಿಸಿ ತೋಳನ್ನು ತೋರಿಸುತ್ತಾಳೆ. ಅದು ಸಿಡುಬಿನ ಲಸಿಕೆಯನ್ನು ಹಾಕಿಸಿಕೊಂಡ ಜಾಗವೆಂದೂ, ಪ್ರಜೆಗಳಿಗೆ ಧೈರ್ಯ ಹೇಳುವುದೇ ಆ ಪಟದ ಉದ್ದೇಶವೆಂದೂ ಚರಿತ್ರಕಾರರೊಬ್ಬರು ವಾದಿಸಿದ್ದಾರೆ.

ಎರಡನೆಯದು ಮೂಷಕಯುಗ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದು, ಆಮೇಲೆ ಸುತ್ತಣ ಸೀಮೆಗೆಲ್ಲ ಹಬ್ಬಿದ ಆ ಕಾಲದಲ್ಲಿ, ಹಳ್ಳಿಯವರಿಗೆ ಪ್ರಕಟಣೆಯೆಂದರೆ ಎರಡೇ ಮಾತು: “ಇಲಿ ಬಿತ್ತು.” ಆ ಎರಡು ಮಾತಿಗೆ ಊರಿಗೆ ಊರೇ ಮನೆಗಳನ್ನು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ತನ್ನ ಪ್ರಾಣವನ್ನೇ ಪ್ರಮಾಣವಾಗಿ ಒಪ್ಪಿಸಿ ಅಟ್ಟದಿಂದ ಉರುಳುತ್ತಿದ್ದ ಅಂತಹ ಪ್ರಾಮಾಣಿಕ ಘೋಷಕನು ಅನಂತರದ ಯಾವ ಇಲಾಖೆಗೂ ದೊರೆತಿಲ್ಲ.

ಮೂರನೆಯದು ಕಾಸಯುಗ, ಅಂದರೆ ಕೆಮ್ಮಿನ ಕಾಲ. 2020ರಲ್ಲಿ ಯಾರಿಗೆ ಫೋನು ಮಾಡಿದರೂ ಮೊದಲು ಒಂದು ಕೆಮ್ಮು ಕೇಳಿಸುತ್ತಿತ್ತು. ಕೆಮ್ಮಿದವರು ಬೀಗರೇ ಎಂದು ಭ್ರಮಿಸಿ “ಶುಂಠಿ ಕಷಾಯ ಕುಡೀರಿ” ಎಂದು ಸಲಹೆಯಿತ್ತ ಹಿರಿಯರು ಉಂಟು. ಅದೇ ವರ್ಷದ ಮೇ ತಿಂಗಳ ಆರಂಭದಲ್ಲಿ ರಾಮನಗರ ಜಿಲ್ಲೆಯನ್ನು ಹಸಿರು ವಲಯವೆಂದು ಸಾರಲಾಗಿ, ಹಸಿರು ಕಂಡರೆ ಗಾಡಿ ಬಿಡಬೇಕೆಂಬ ರಸ್ತೆಯ ನಿಯಮವನ್ನು ಚೆನ್ನಾಗಿ ಬಲ್ಲ ಜನ ಅದನ್ನು ಹಾಗೆಯೇ ಪಾಲಿಸಿದರು.

ಪ್ರತ್ಯಕ್ಷ ಪ್ರಮಾಣ

ಡೆಂಗೆಯ ದಿನಗಳಲ್ಲಿ, ಪಟ್ಟಣದಿಂದ ಹೊಸದಾಗಿ ಬಂದ ತರುಣಿಯೊಬ್ಬಳು ಜ್ವರದ ಸಮೀಕ್ಷೆಗೆಂದು ಸಾತನೂರಿನ ಸಮೀಪದ ರೇಷ್ಮೆ ಬೆಳೆಗಾರರೊಬ್ಬರ ಮನೆಗೆ ಹೋದಾಗ ನಡೆದ ಸಂವಾದವನ್ನು ಇಲ್ಲಿ ಯಥಾವತ್ತಾಗಿ ಕೊಡಲಾಗಿದೆ.

“ತಾತ, ಮನೆಯಲ್ಲಿ ಯಾರಿಗಾದರೂ ಜ್ವರ ಇದೆಯಾ?”

“ಐತೆ ಕಣವ್ವ. ಮೂರ್ನೇ ಜ್ವರ.”

“ಎಷ್ಟು ಜನಕ್ಕೆ?”

“ನೂರು ಮೊಟ್ಟೆಗೂ ಒಂದೇ ಸಲ ಕುಂತೈತೆ. ನಾಳೀಕೆ ಏಳ್ತವೆ. ವಸಿ ಮೆತ್ತಗೆ ಮಾತಾಡವ್ವ.”

ರೇಷ್ಮೆಹುಳು ಪೊರೆ ಬಿಡುವುದಕ್ಕೆ ಈ ಸೀಮೆಯಲ್ಲಿ ಜ್ವರವೆಂದೇ ಹೆಸರು. ಹುಳುವಿನ ಆಯುಷ್ಯದಲ್ಲಿ ಅಂಥವು ನಾಲ್ಕು. ಇದನ್ನರಿಯದ ಆ ತರುಣಿ ಪುಸ್ತಕದ ಮೇಲೆ ಲೇಖನಿಯನ್ನು ಹಿಡಿದೇ ನಿಂತಳು. ಒಂದು ಚಿಟ್ಟೆ ಇಟ್ಟುದೆಲ್ಲ ಸೇರಿ ಇಲ್ಲಿ ಒಂದೇ ಮೊಟ್ಟೆಯೆಂಬ ಲೆಕ್ಕವಾದುದರಿಂದ, ನೂರು ಮೊಟ್ಟೆಯೆಂದರೆ ನಲವತ್ತು ಸಾವಿರದಷ್ಟು ಹುಳುಗಳು; ಅಷ್ಟು ರೋಗಿಗಳನ್ನು ತುಂಬುವ ಕಲಮು ನಮೂನೆಯಲ್ಲಿರಲಿಲ್ಲ.

ಗ್ರಂಥಕರ್ತನು ಈ ಸಂದರ್ಭದಲ್ಲಿ ಹುಳುಮನೆಯನ್ನು ಹೊರಗಿನಿಂದಲೇ ಅವಲೋಕಿಸಿದನು, ಒಳಗೆ ಬಿಡಲಿಲ್ಲ. ಬಾಗಿಲಲ್ಲಿ ಸುಣ್ಣ ಮತ್ತು ಬ್ಲೀಚಿಂಗ್ ಪುಡಿ ಹರಡಿದ ಗೋಣಿತಾಟು. ಅದನ್ನು ತುಳಿಯದೆ ಮನೆಯ ಅಳಿಯನೂ ಒಳಕ್ಕೆ ಹೋಗುವಂತಿಲ್ಲ. ಕೈಯನ್ನು ತೊಳೆಯದೆ ಸೊಪ್ಪು ಮುಟ್ಟುವಂತಿಲ್ಲ. ಹಾಲುತೊಂಡೆ ತಗುಲಿದ ಹುಳುವನ್ನು ಕಂಡ ಕೂಡಲೆ ಆರಿಸಿ ತೆಗೆಯಬೇಕು. ನೆರೆಯವನ ಹುಳುವಿಗೆ ಸುಣ್ಣಕಟ್ಟು ಬಂದ ಸುದ್ದಿ ಕೇಳಿದರೆ ಅವನು ಗೂಡು ಕಟ್ಟಿಸುವ ಚಂದ್ರಿಕೆಗಳನ್ನು ಎರವಲು ತರಬಾರದು. ಲೂಯಿ ಪಾಶ್ಚರನು ಹುಚ್ಚುನಾಯಿ ಕಡಿತಕ್ಕೆ ಮದ್ದು ಕೊಡುವುದಕ್ಕೆ ಇಪ್ಪತ್ತು ವರ್ಷ ಮುಂಚೆ, 1865ರಲ್ಲಿ, ರೇಷ್ಮೆಹುಳುವಿನ ಗಂಟುರೋಗವನ್ನು ಬೆನ್ನಟ್ಟಿದವನಾದುದರಿಂದ, ಹುಳುವಿನ ಆರೋಗ್ಯಶಾಸ್ತ್ರವು ಮನುಷ್ಯನದಕ್ಕಿಂತ ಒಂದು ಹೆಜ್ಜೆ ಮುಂದಿರುವುದು ಆಶ್ಚರ್ಯವಲ್ಲ. ಇನ್ನು ಕಿಟಕಿಗೆ ಬಿಗಿದ ನೈಲಾನ್ ಪರದೆ: 1980ರಲ್ಲಿ ಬಂಗಾಳದ ಗೂಡುಗಳೊಡನೆ ಕರ್ನಾಟಕಕ್ಕೆ ಬಂದಿಳಿದ ಊಜಿ ನೊಣವನ್ನು ತಡೆಯಲು ಅದು ಬಂದಿತು. ತಾತನು ಮಲಗುವ ಕೋಣೆಯ ಕಿಟಕಿಗಾದರೋ ಪರದೆ ಇರಲಿಲ್ಲ. ಸೊಳ್ಳೆಗಳು ಅಲ್ಲಿ ನಿರಾತಂಕವಾಗಿ ಹೋಗಿಬಂದು ಮಾಡುತ್ತಿದ್ದವು.

ಪೂರ್ವಪಕ್ಷ

ಹುಳುವಿಗಿರುವ ಪರದೆ ಮನುಷ್ಯನಿಗೇಕಿಲ್ಲವೆಂಬುದು ಶಂಕೆ. ಜನರಿಗೆ ತಿಳಿವಳಿಕೆ ಸಾಲದು, ಆದುದರಿಂದ ಪ್ರಕಟಣೆಯನ್ನು ಇನ್ನೂ ಗಟ್ಟಿಯಾಗಿ ಕೂಗಬೇಕೆಂದು ಕೆಲವರು ಹೇಳುವರು. ಇದು ನಿಲ್ಲುವುದಿಲ್ಲ. ಪರದೆ ಕಟ್ಟುವ ವಿದ್ಯೆ ತಾತನಿಗೆ ಹತ್ತು ಮಾರು ದೂರದಲ್ಲಿಯೇ ಸಿದ್ಧಿಸಿರುವಾಗ ಅಜ್ಞಾನವೆಲ್ಲಿ ಬಂತು? ನಷ್ಟದ ಭಯವಿಲ್ಲದುದೇ ಕಾರಣವೆಂದು ಮತ್ತೆ ಕೆಲವರು. ಇವರ ಮತಕ್ಕನುಸಾರವಾಗಿಯೇ 2024ರಲ್ಲಿ ಸರ್ಕಾರವು ಡೆಂಗೆಯನ್ನು ಸಾಂಕ್ರಾಮಿಕವೆಂದು ಸಾರಿ, ಸೊಳ್ಳೆಗೆ ಆಶ್ರಯ ಕೊಟ್ಟ ಮನೆಗೆ ನಗರದಲ್ಲಾದರೆ 400, ಹಳ್ಳಿಯಲ್ಲಾದರೆ 200 ರೂಪಾಯಿ ಜುಲ್ಮಾನೆಯನ್ನು ಗೊತ್ತುಮಾಡಿತು. ಹಳ್ಳಿಯ ಸೊಳ್ಳೆ ಅರ್ಧವೇ ಕಚ್ಚುವುದೆಂಬ ಅಂಶವು ಇದರಿಂದ ಪ್ರಥಮ ಬಾರಿಗೆ ಪ್ರಕಾಶಕ್ಕೆ ಬಂದಿತಾದರೂ, ಮೂಲಶಂಕೆ ಪರಿಹಾರವಾಗಲಿಲ್ಲ.

ಸಿದ್ಧಾಂತ

ದೋಷವಿರುವುದು ವ್ಯಾಕರಣದಲ್ಲಿ. ಧ್ವನಿವರ್ಧಕ ಕಟ್ಟಿಕೊಂಡು ವೃತ್ತದಲ್ಲಿ ಸುತ್ತುವ ಆಟೋದ ಮಾತುಗಳನ್ನು ವಿಂಗಡಿಸಿ ನೋಡಲಾಗಿ, “ಎಚ್ಚರದಿಂದಿರಿ, ಸಹಕರಿಸಿ, ಗಾಬರಿಯಾಗಬೇಡಿ” ಎಂದು ಬಹುಪಾಲು ಅಕರ್ಮಕ ಕ್ರಿಯಾಪದಗಳೇ ದೊರೆತವು. ಏನನ್ನು ಮಾಡಬೇಕೆಂದು ಕೇಳಿದರೆ ಅವುಗಳಲ್ಲಿ ಉತ್ತರವಿಲ್ಲ. ಕೆಮ್ಮಂತೂ ಅಕರ್ಮಕಗಳ ಚಕ್ರವರ್ತಿ. ಹುಳುಮನೆಯಲ್ಲಿಯಾದರೋ ಎಲ್ಲವೂ ಸಕರ್ಮಕ: ಸುಣ್ಣವನ್ನು ತುಳಿ, ಕೈಯನ್ನು ತೊಳೆ, ಹುಳುವನ್ನು ಆರಿಸು, ಪರದೆಯನ್ನು ಬಿಗಿ. ಪ್ಲೇಗಿನ ಇಲಿಯ ಮಾತಿನಲ್ಲೂ “ಊರನ್ನು ಬಿಡು” ಎಂಬ ಸಕರ್ಮಕ ವಾಕ್ಯವು ಅಧ್ಯಾಹಾರವಾಗಿತ್ತು. ರಾಣಿಯೂ ತೋಳನ್ನು ತೋರಿಸಿದಳೇ ಹೊರತು ಸಹಕಾರವನ್ನು ಕೋರಲಿಲ್ಲ. ದ್ವಿತೀಯಾ ವಿಭಕ್ತಿಯಿಲ್ಲದೆ ಯಾವ ರೋಗವೂ ನಿಲ್ಲದೆಂಬುದೇ ಈ ಶಾಸ್ತ್ರದ ಸಾರ.

ಉಪಸಂಹಾರ

ಹೀಗೆ ಸಿದ್ಧಾಂತವನ್ನು ಸ್ಥಾಪಿಸಿ ಕೈ ತೊಳೆಯಲು ಹಿತ್ತಲಿಗೆ ಹೋದ ಗ್ರಂಥಕರ್ತನು, ತನ್ನ ಬಾಡಿಗೆ ಕೋಣೆಯ ಡ್ರಮ್ಮಿನ ತಿಳಿನೀರಿನಲ್ಲಿ ತಲೆಕೆಳಗಾಗಿ ತೂಗಾಡುತ್ತಿದ್ದ ಹಲವು ಹುಳುಗಳನ್ನು ಕಂಡನು. ಡ್ರಮ್ಮು ಸಾತನೂರಿನದಾದುದರಿಂದ 200 ರೂಪಾಯಿಯೋ, ತಾನು ಬೆಂಗಳೂರಿನವನಾದುದರಿಂದ 400 ರೂಪಾಯಿಯೋ ಎಂಬ ಗಹನವಾದ ಶಂಕೆಯು ಆಗ ಉದಿಸಲು, ಅವನು ತತ್‌ಕ್ಷಣವೇ ಒಳಗೆ ಬಂದು ದ್ವಿತೀಯ ಸಂಪುಟಕ್ಕೆ ಕೈಹಾಕಿದನು. ಎಂಟು ದಿವಸಗಳ ತರುವಾಯ ಅದನ್ನು ಮುಗಿಸಿ ಮತ್ತೆ ಪರೀಕ್ಷಿಸಲಾಗಿ, ವಿವಾದಾಸ್ಪದವಾದ ಹುಳುಗಳಲ್ಲಿ ಒಂದೂ ಡ್ರಮ್ಮಿನಲ್ಲಿ ಉಳಿದಿರಲಿಲ್ಲವಾಗಿ, ಜುಲ್ಮಾನೆಯ ಪ್ರಶ್ನೆಯು ತಾನಾಗಿಯೇ ಬಗೆಹರಿಯಿತು.