ಮುಚ್ಚಳಕ್ಕೊಂದು ಮುಹೂರ್ತ

ಚಿಂತಾಮಣಿಯ ನಮ್ಮ ಸೋದರಮಾವನಿಗೆ ಎರಡು ವಿಷಯಗಳಲ್ಲಿ ಯಾರ ಸಲಹೆಯೂ ಬೇಕಿರಲಿಲ್ಲ: ಹುಣಿಸೆಹಣ್ಣಿನ ಧಾರಣೆ ಮತ್ತು ಫಾರ್ಗೋ ಲಾರಿಯ ಇಂಜಿನ್ನು. ಬೇಡ ಅಂದವನಿಗೇ ಊರು ಹೆಚ್ಚು ಸಲಹೆ ಕೊಡುವುದು.

ಮುಂಬಯಿಯ ಪ್ರೀಮಿಯರ್ ಆಟೋಮೊಬೈಲ್ಸ್‌ನಿಂದ ಬಂದ ಆ ಲಾರಿಯೊಳಗಿದ್ದದ್ದು ಪರ್ಕಿನ್ಸ್ ಪಿ-6. 1930ರ ದಶಕದಲ್ಲಿ ಇಂಗ್ಲೆಂಡಿನ ಪೀಟರ್‌ಬರೋದಲ್ಲಿ ಹುಟ್ಟಿ, ಆಮೇಲೆ ಮದರಾಸಿನ ಸಿಂಪ್ಸನ್ ಕಂಪನಿಯಲ್ಲಿ ನೆಲೆಯೂರಿದ ಆರು ಸಿಲಿಂಡರಿನ ಡೀಸೆಲ್. ರಸ್ತೆ ತುಂಬ ಓಡುತ್ತಿದ್ದ ಟಾಟಾ-ಬೆಂಜ್‌ಗಳಿಗೆ ಟೈಮಿಂಗ್ ಗೇರು; ಇದಕ್ಕೆ ಚೈನು. ಕ್ರ್ಯಾಂಕು ಎರಡು ಸುತ್ತು ತಿರುಗುವಷ್ಟರಲ್ಲಿ ಕ್ಯಾಮು ಒಂದೇ ಸುತ್ತು ತಿರುಗಬೇಕು. ಆ ಲೆಕ್ಕ ಕಾಯುವುದು ಚೈನಿನ ಪಾಲು. ಓಡಿ ಓಡಿ ಪಿನ್ನು, ಬುಷ್ಷು ಸವೆದರೆ ಚೈನು ಉದ್ದವಾಗಿ ಜೋಲುತ್ತದೆ. ಜೋತ ಚೈನು ಮುಂದಿನ ಎರಕದ ಮುಚ್ಚಳವನ್ನು ಒಳಗಿಂದ ಉಜ್ಜುತ್ತದೆ. ಮೊದಲು ಗೀರು, ಆಮೇಲೆ ಕಾಲುವೆ, ಕೊನೆಗೆ ತೂತು.

ತೂತು ಬೀಳುವ ತನಕ ನಮ್ಮ ಕಡೆ ಅದು ರೋಗವೇ ಅಲ್ಲ. ಸ್ಲೋನಲ್ಲಿ ನಿಂತಾಗ ಇಂಜಿನ್ನಿನ ಮೂತಿಯಲ್ಲಿ ಕರಕರ, ರೇಸ್ ಕೊಟ್ಟರೆ ಮಾಯ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಎದುರು ಒಬ್ಬ ಮೆಕ್ಯಾನಿಕ್ಕು ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೊತ್ತಿ "ಟ್ಯಾಪೆಟ್ಟು" ಅಂದ. ಪಕ್ಕದಲ್ಲಿದ್ದ ರೀಲರು ಹುಳು ನಾಲ್ಕನೇ ಜ್ವರ ಎದ್ದು ಸೊಪ್ಪು ಮೇಯುವ ಹಾಗಿದೆ ಎಂದ. ಅದೇ ಹೆಚ್ಚು ಸರಿ. ಒಳಗೆ ನಿಜವಾಗಿಯೂ ಮೇಯುತ್ತಿತ್ತು.

ಆಯಿಲ್ ಸೋರತೊಡಗಿದ್ದು ಗೌರಿಬಿದನೂರಿನಲ್ಲಿ. ಅಲ್ಲಿಯವನು ಬಗ್ಗಿ ನೋಡಿ, "ಏಂ ಕಾದು ಸ್ವಾಮಿ, ಮೂತೇ ಕದಾ" ಎಂದು ಬಾರ್ ಸೋಪು ಮೆತ್ತಿ ಕಳಿಸಿದ. ಮಂಚೇನಹಳ್ಳಿ ದಾಟುವಷ್ಟರಲ್ಲಿ ಇಂಜಿನ್ನು ಸ್ನಾನ ಮುಗಿಸಿತ್ತು.

ಚಿಕ್ಕಬಳ್ಳಾಪುರದ ಮೇಸ್ತ್ರಿ ಬೇರೆ ಜಾತಿಯವರು. ಅವರ ಶೆಡ್ಡಿನಲ್ಲಿ ದೇವರ ಪಟದ ಜಾಗದಲ್ಲಿ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯ ಪೇಟ ಸುತ್ತಿಕೊಂಡು ಕೂತಿದ್ದರು. ಆ ನೋಟದ ಕೆಳಗೆ ಸೋಪು ಮೆತ್ತಲು ಯಾರಿಗೂ ಧೈರ್ಯ ಬರುವುದಿಲ್ಲ. ರೇಡಿಯೇಟರು, ಪುಲ್ಲಿ ಬಿಚ್ಚಿ ಮುಚ್ಚಳ ತೆಗೆದರು. ಗ್ಯಾಸ್ ವೆಲ್ಡಿಂಗಿನಲ್ಲಿ ತೂತು ಮುಚ್ಚಿತು, ಆದರೆ ಕಾವಿಗೆ ಅಂಚು ಸೊಟ್ಟಗಾಯಿತು. ಗಾಜಿನ ಹಲಗೆಯ ಮೇಲೆ ಎಮರಿ ಕಾಗದ ಹಾಸಿ, ಅಂಚು ಸಮವಾಗುವವರೆಗೆ ಹುಡುಗನ ಕೈಲಿ ಉಜ್ಜಿಸಿದರು. ಹಳೆಯ ಆಯಿಲ್ ಸೀಲು ಪುಲ್ಲಿಯ ಕುತ್ತಿಗೆಯಲ್ಲಿ ಗೆರೆ ಕೊರೆದಿತ್ತು. ಹೊಸ ಸೀಲನ್ನು ಅದೇ ಗೆರೆಗೆ ಕೂರಿಸಿದರೆ ಮತ್ತೆ ಸೋರಿಕೆ. ಕೂದಲೆಳೆಯಷ್ಟು ಒಳಗೆ ತಳ್ಳಿ, ಸವೆಯದ ಲೋಹಕ್ಕೆ ಅದರ ತುಟಿ ತಾಗುವಂತೆ ಮಾಡಿದರು. ಈ ಒಂದು ಯುಕ್ತಿಗೆ ಡಿಪ್ಲೊಮಾ ಕೊಡಬಹುದು.

ಪ್ಯಾಕಿಂಗು ಅಂಗಡಿಯಲ್ಲಿ ಇರಲಿಲ್ಲ. ಮಾವನ ಚೀಲದಲ್ಲಿ ಮಗಳ ಮದುವೆಯ ಕರೆಯೋಲೆಗಳಿದ್ದವು. ದಪ್ಪ ಕಾಗದ, ಅಗಲವೂ ಧಾರಾಳ. ಮೇಸ್ತ್ರಿ ಒಂದನ್ನು ಬಿಡಿಸಿ ಮುಚ್ಚಳದ ಮೇಲಿಟ್ಟು, ಗುಂಡುತಲೆಯ ಸುತ್ತಿಗೆಯಿಂದ ಅಂಚಿನುದ್ದಕ್ಕೂ ಟಕಟಕ ತಟ್ಟಿದರು. ಬೋಲ್ಟಿನ ತೂತುಗಳೆಲ್ಲ ತಾವಾಗಿ ಬಿದ್ದವು. ಗಣಪತಿ ಮೇಲ್ಗಡೆ ಉಳಿದ, ಬೀಗರು ಕತ್ತರಿಸಿ ಹೋದರು, ಮುಹೂರ್ತದ ಸಾಲು ಮಾತ್ರ ಸರಿಯಾಗಿ ಎಡ ಅಂಚಿಗೆ ಬಂತು.

"ಟೈಮಿಂಗು ಅಂದ್ಮೇಲೆ ಮುಹೂರ್ತ ಇರಲೇಬೇಕು" ಅಂದ ಮಾವ.

ಮೇಸ್ತ್ರಿ ನಗಲಿಲ್ಲ. "ಚೈನು ಹಾಕಿಸಿ. ಇಲ್ಲದಿದ್ರೆ ಇದನ್ನೂ ಕೊರೀತದೆ."

ಮಾವ ಚೈನಿನ ಬೆಲೆ ಕೇಳಿದ, ಹುಣಿಸೆಹಣ್ಣಿನ ಲೆಕ್ಕದಲ್ಲಿ ಅರ್ಧಕ್ಕೆ ಕೇಳಿದ, ಕೊನೆಗೆ ಮದುವೆ ಖರ್ಚಿನ ನೆಪ ಹೇಳಿ ಮುಂದಿನ ಸಲ ಅಂದ. ಮೇಸ್ತ್ರಿ ವಾದಿಸಲಿಲ್ಲ. ಶೆಲ್ಲಾಕ್ ಬಳಿದು ಮುಚ್ಚಳ ಕೂರಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಬಿಗಿದರು. ಆಮೇಲೆ ಚೀಲದಿಂದ ಇನ್ನೊಂದು ಕರೆಯೋಲೆ ಎತ್ತಿ ಗೋಡೆಯ ಮೊಳೆಗೆ ಸಿಕ್ಕಿಸಿದರು.

"ಮದುವೆಗೆ ಬರ್ತೀರಾ?" ಮಾವನಿಗೆ ಖುಷಿಯಾಯಿತು.

"ನೀವು ಬರ್ತೀರಲ್ಲ, ಅದಕ್ಕೆ ಇರಲಿ."